ಕೆಂಪು ಗಾಜಿನೊಳಗೆ

ಮೂರು ವರ್ಷದ ಪುಟ್ಟತಾಯಿಯ ಕೈ ಮೊಣಕೈವರೆಗೂ ಹೂದಾನಿಯೊಳಗಿತ್ತು. ಕೆಂಪು ಗಾಜಿನ ತಳದಲ್ಲಿ ಚೇಳೊಂದು ಕೊಂಡಿ ಎತ್ತಿ ನಿಂತಿದ್ದು ಇಂದ್ರಮ್ಮನಿಗೆ ಕಂಡಿತು. ಹರಳಿನಂತೆ ಕೊರೆದ ಗಾಜಿನ ಒಂದೊಂದು ಮುಖದಲ್ಲೂ ಒಂದೊಂದು ಚೇಳು, ಒಂದೊಂದು ಪುಟ್ಟ ಬೆರಳು. ಯಾವುದು ಎಷ್ಟು ಹತ್ತಿರವೋ ತಿಳಿಯಲಿಲ್ಲ. ಕೂಗಿದರೆ ಮಗಳು ಬೆಚ್ಚಿ ಕೈ ಅಲ್ಲಾಡಿಸಿಬಿಡುತ್ತಾಳೆ.

ಅಡುಗೆಮನೆಯಿಂದ ಅತ್ತೆ, "ಯಾಕಮ್ಮಿ ಸದ್ದೇ ಇಲ್ಲ? ನಿನ್ನ ದೊರೆಸಾನೇರ ಗಾಜಿನ ಚೊಂಬ್ನ ಒಡ್ದಾಕ್ಬುಡ್ತಾ ಮಗಾ?" ಎಂದರು.

ಮಗು ಅಮ್ಮನ ಮುಖ ನೋಡಿತು. "ಬೈತೀಯಾ?"

"ಇಲ್ಲ ಕಣವ್ವ. ಮೆಲ್ಲಗೆ ಕೈ ತಗಿ, ಬೆಲ್ಲ ಕೊಡ್ತೀನಿ."

ಹೂದಾನಿ ಮುಟ್ಟಿದಾಗಲೆಲ್ಲ ಬೈಸಿಕೊಂಡಿದ್ದ ಮಗುವಿಗೆ ನಂಬಿಕೆ ಬರಲಿಲ್ಲ. ಅಮ್ಮ ನಗಲೆಂದು ಅದು ಕಾಯಿತು. ಇಂದ್ರಮ್ಮ ನಕ್ಕಳು. ಕೈ ನಿಧಾನವಾಗಿ ಹೊರಬಂತು. ಮುಚ್ಚಲು ಬೇರೇನೂ ಹುಡುಕದೆ, ಅವಳು ತನ್ನ ಅಂಗೈಯನ್ನೇ ಹೂದಾನಿಯ ಬಾಯಿಗೆ ಒತ್ತಿ ಹಿಡಿದಳು.