ನಳದ ನೀರು

ಟ್ರಂಕು ತೆರೆದು ನುಸಿಗುಳಿಗೆಯ ವಾಸನೆ ಬಡಿದರೆ ಇಂದಿಗೂ ಗದಗ ಸೀಮೆಯ ನಮ್ಮೂರಿನ ಆ ಮಧ್ಯಾಹ್ನ ನೆನಪಾಗುತ್ತದೆ.

ಬ್ರಿಟಿಷರ ಕಾಲದಲ್ಲಿ ಪುರಸಭೆಯ ಅಧ್ಯಕ್ಷನಾಗಿದ್ದ ಅಜ್ಜ ತನ್ನ ರಾವ್‌ಸಾಹೇಬ ಬಿರುದಿನ ಪದಕವನ್ನು ಟ್ರಂಕಿನಿಂದ ತೆಗೆದ ಕರಿ ಕೋಟಿಗೆ ಸಿಕ್ಕಿಸಿಕೊಂಡು ನನಗೆ ತೋರಿಸುತ್ತಿದ್ದ. ಊರಿಗೆ ನಳ ಹಾಕಿಸಿದವನೂ ಅವನೇ. ಅಷ್ಟರಲ್ಲಿ ಅಜ್ಜಿ ಬಾವಿಯಿಂದ ಕೊಡ ಹೊತ್ತು ಬಂದಳು.

“ಅಂಗಳದಾಗ ನಳ ಐತಿ, ಬಾವಿಗೆ ಯಾಕ ಹೋಗ್ತೀ ಬೇ?” ಎಂದೆ.

“ನಿಮ್ಮಜ್ಜನ್ನ ಕೇಳು. ಚಳವಳಿ ಮಂದಿ ಅಡಗಿದ್ದ ಓಣಿಗೆ ನೀರು ಬಂದ್ ಮಾಡಿಸಿದ್ರು. ಅಲ್ಲೇ ನನ್ನ ತಂಗಿ ಹಸಿ ಬಾಣಂತಿ ಇದ್ಲು, ಉಳೀಲಿಲ್ಲ. ಅದರ ಬೆನ್ನಿಗೇ ಈ ಪದಕ ಬಂತು.”

ಅಜ್ಜ ಪದಕ ಬಿಚ್ಚಿ ನನ್ನ ಅಂಗೈಗಿಟ್ಟ. “ಕುಂಟಾಬಿಲ್ಲಿ ಆಡಾಕ ಒಯ್ಯಿ ಯವ್ವಾ,” ಎಂದ.

ಊಟಕ್ಕೆ ಕೂತಾಗ ಅಜ್ಜಿ ಎಂದಿನಂತೆ ಎರಡು ತಂಬಿಗೆ ಇಟ್ಟಳು. ನಮಗೆ ಬಾವಿಯ ನೀರು, ಅಜ್ಜನಿಗೆ ನಳದ್ದು. ಅಜ್ಜ ನಮ್ಮ ತಂಬಿಗೆಯತ್ತ ಒಮ್ಮೆ ನೋಡಿದ, ಕೈ ಚಾಚಲಿಲ್ಲ.