ಇಪ್ಪತ್ತಾರು ವಾಕ್ಯ

ಕ್ಷೌರಿಕ ಒಂದೇ ಉಸಿರಿಗೆ ತನ್ನ ಕಥೆ ಮುಗಿಸಿ ನಿಂತ. ಎಲ್ಲೂ ತಡವರಿಸಲಿಲ್ಲ, ಒಂದಕ್ಷರ ಜಾರಲಿಲ್ಲ. ಸೈಕಲ್ ಅಂಗಡಿಯ ಮೇಲಿನ ಆ ಕೋಣೆಯಲ್ಲಿ, ಹಳೆಯ ಕೋಟುಗಳ ಮೂಟೆಗಳ ನಡುವೆ ಕೂತಿದ್ದ ಮೇಷ್ಟ್ರು, ಹೇಗಿದೆ ಎಂಬಂತೆ ವಕೀಲೆಯ ಕಡೆ ನೋಡಿದರು. ಅವಳ ಕೈಯಲ್ಲಿ ಪೆನ್ನು ಹಿಡಿದದ್ದು ಹಿಡಿದಂತೆಯೇ ಇತ್ತು. ಕಾಗದದ ಮೇಲೆ ಒಂದು ಗೆರೆಯೂ ಬಿದ್ದಿರಲಿಲ್ಲ.

"ನಾಳೆ ಇದನ್ನ ಹೀಗೇ ಹೇಳಿದ್ರೆ ಇವರನ್ನ ವಾಪಸ್ ಕಳಿಸ್ತಾರೆ ಮೇಷ್ಟ್ರೇ," ಎಂದಳು.

ಜೀವ ಉಳಿಸಿಕೊಳ್ಳಲು ಗಡಿ ದಾಟಿ ಬಂದವರಿಗೆ ಕೈಲಾದ ನೆರವು ಮಾಡಲೆಂದು ಆ ಬೀದಿಯ ಏಳೆಂಟು ಮಂದಿ ಪ್ರತಿ ಗುರುವಾರ ಅಲ್ಲಿ ಸೇರುತ್ತಿದ್ದರು. ಒಬ್ಬರು ಅರ್ಜಿ ತುಂಬಿಕೊಡುವರು, ಇನ್ನೊಬ್ಬರು ಬಟ್ಟೆ ಹಂಚುವರು. ಮೇಷ್ಟ್ರ ಪಾಲಿಗೆ ಬಂದದ್ದು ಭಾಷೆ ಕಲಿಸುವ ಕೆಲಸ. ಮೂವತ್ತೈದು ವರ್ಷ ಮಕ್ಕಳಿಗೆ ಪದ್ಯ ಬಾಯಿಪಾಠ ಮಾಡಿಸಿದ ಮನುಷ್ಯ. "ಮತ್ತೊಮ್ಮೆ" ಎನ್ನದೆ ಯಾವ ಸಾಲನ್ನೂ ಬಿಟ್ಟವರಲ್ಲ. ಹಾಗಾಗಿ ಗುಂಪಿನಲ್ಲಿ ಅವರ ಹೆಸರೇ ಮತ್ತೊಮ್ಮೆ ಮೇಷ್ಟ್ರು ಎಂದಾಗಿತ್ತು. ಕಲಿಸಿದ್ದಕ್ಕೆ ಪ್ರತಿಯಾಗಿ, ಹಾಗೆ ಗಡಿ ದಾಟಿ ಬಂದವನೇ ಆದ ಕ್ಷೌರಿಕ ಅಲ್ಲಿಯ ಗಂಡಸರಿಗೆಲ್ಲ ಕೂದಲು ಕತ್ತರಿಸುತ್ತಿದ್ದ. ಅವನಿಗೆ ಒಪ್ಪುವ ಕಟಿಂಗು ಒಂದೇ ಬಗೆಯದು. ಎರಡು ತಿಂಗಳಲ್ಲಿ ಆ ಬೀದಿಯ ಮುದುಕರೆಲ್ಲ ಹಿಂದಿನಿಂದ ನೋಡಿದರೆ ಒಬ್ಬರ ಹಾಗೆ ಒಬ್ಬರು ಕಾಣತೊಡಗಿದ್ದರು.

ಅವನ ಆಶ್ರಯದ ಅರ್ಜಿಯ ವಿಚಾರಣೆಗೆ ದಿನ ಗೊತ್ತಾದಾಗ, ದುಭಾಷಿಯ ಹಂಗು ಏಕೆ, ನಮ್ಮ ಭಾಷೆಯಲ್ಲೇ ಹೇಳಿದರೆ ಅಧಿಕಾರಿಗೂ ಅಭಿಮಾನ ಹುಟ್ಟುತ್ತದೆ ಎಂದು ಅವನನ್ನು ಹುರಿದುಂಬಿಸಿದವರು ಮೇಷ್ಟ್ರೇ. ಅವನು ತುಂಡುತುಂಡಾಗಿ ಹೇಳಿದ್ದನ್ನು ಕೂಡಿಸಿ, ಹಿಂದುಮುಂದಾದದ್ದನ್ನು ಸರಿಪಡಿಸಿ, ಇಪ್ಪತ್ತಾರು ಪುಟ್ಟ ವಾಕ್ಯ ಬರೆದುಕೊಟ್ಟು ಅರೆದು ಕುಡಿಸಿದ್ದರು. ಹಾಡುಹಗಲೇ ಬಂದೂಕಿನವರು ಅಂಗಡಿಗೆ ನುಗ್ಗಿ ಅವನ ತಮ್ಮನನ್ನು ಎಳೆದೊಯ್ದದ್ದು ಒಂಬತ್ತನೆಯ ವಾಕ್ಯ. ಹೆಂಡತಿ ಮಗಳನ್ನು ದಾರಿಯ ಊರೊಂದರಲ್ಲಿ ಬಿಟ್ಟು ಬಂದದ್ದು ಇಪ್ಪತ್ತನೆಯದು. ಇದು ನಿಜವೆಂದು ಅಧಿಕಾರಿ ಒಪ್ಪಿದರೆ ಅವರಿಬ್ಬರೂ ಇಲ್ಲಿಗೆ ಬರಬಹುದು; ಒಪ್ಪದಿದ್ದರೆ ಇವನೇ ಮರಳಿ ಆ ಬಂದೂಕಿನವರ ಊರಿಗೆ ಹೋಗಬೇಕು.

ಮೇಷ್ಟ್ರು ಮುಖ ಗಂಟಿಕ್ಕಿದರು. ಈ ವಕೀಲೆಯೂ ಒಂದು ಕಾಲಕ್ಕೆ ಮೂಗು ಒರೆಸಿಕೊಂಡು ಅವರ ಮುಂದೆ ಪಾಠ ಒಪ್ಪಿಸಿದವಳೇ. ಒಂದೇ ಒಂದು ತಪ್ಪಿದ್ದರೆ ತೋರಿಸು ಎಂದರು. ತಪ್ಪಿಲ್ಲದಿರುವುದೇ ತೊಂದರೆ ಎಂದಳು ಅವಳು. ಅಧಿಕಾರಿ ದಿನಕ್ಕೆ ನಾಲ್ಕು ಕಥೆ ಕೇಳುವವರು. ಗಿಳಿಪಾಠ ಯಾವುದೆಂದು ಅವರ ಕಿವಿಗೆ ಗೊತ್ತಾಗುತ್ತದೆ.

"ನಿನಗೂ ನಾನೇ ಬಾಯಿಪಾಠ ಮಾಡಿಸಿದ್ದು ಕಣಮ್ಮ. ಅದರಿಂದ ಏನು ಕೆಟ್ಟುಹೋದೆ ನೀನು?"

"ಹದಿನೇಳರ ಮಗ್ಗಿ ಇವತ್ತಿಗೂ ನಿದ್ದೇಲಿ ಹೇಳ್ತೀನಿ. ನಡುವೆ ಹದಿನೇಳೆಂಟ್ಲಿ ಎಷ್ಟು ಅಂತ ಕೇಳಿದ್ರೆ ಮಾತ್ರ ಮೊದಲಿಂದ ಶುರು ಮಾಡ್ಬೇಕು."

ಅಷ್ಟು ಹೇಳಿ ಅವಳು ಕ್ಷೌರಿಕನ ಕಡೆ ತಿರುಗಿದಳು. "ತಮ್ಮನ್ನ ಎಳ್ಕೊಂಡು ಹೋದ್ಮೇಲೆ ಅಂಗಡಿ ಬಾಗಿಲು ಹಾಕಿದ್ದು ಯಾರು?"

ಅವನ ಹಣೆ ಸುಕ್ಕುಗಟ್ಟಿತು. ಕತ್ತರಿ ಹಿಡಿದು ಹಿಡಿದು ಜಡ್ಡುಗಟ್ಟಿದ ಬೆರಳುಗಳನ್ನು ಒಂದೊಂದಾಗಿ ಮಡಿಸುತ್ತ ಮನಸ್ಸಿನಲ್ಲೇ ಹುಡುಕಿದ. ಕೊನೆಗೆ ಮೇಷ್ಟ್ರ ಮುಖ ನೋಡಿದ.

"ಅದು ಇಪ್ಪತ್ತಾರರಲ್ಲಿ ಇಲ್ಲ ಮೇಷ್ಟ್ರೇ. ಏನು ಹೇಳಬೇಕು?"

ಕೆಳಗೆ ಅಂಗಡಿಯಲ್ಲಿ ಯಾರೋ ಸೈಕಲ್ ಚಕ್ರ ತಿರುಗಿಸಿ ಬಿಟ್ಟಿದ್ದರು. ಅದರ ಸದ್ದು ಅಡಗಿತು. ಆಮೇಲೆ ಮೇಷ್ಟ್ರು ಎದ್ದು ಅವನ ಕೈಯಲ್ಲಿದ್ದ ಹಾಳೆ ತೆಗೆದುಕೊಂಡು, ನಾಲ್ಕಾಗಿ ಮಡಿಚಿ ತಮ್ಮ ಜೇಬಿಗೆ ಹಾಕಿಕೊಂಡರು. ದುಭಾಷಿ ಬೇಕೆಂದು ಈಗಲೇ ಕಚೇರಿಗೆ ಫೋನ್ ಮಾಡು ಎಂದು ವಕೀಲೆಗೆ ಹೇಳಿದರು. ಕ್ಷೌರಿಕನ ಕಡೆ ತಿರುಗಿದರು. "ನಾಳೆ ನಿನ್ನ ಮಾತಲ್ಲೇ ಹೇಳಪ್ಪ. ನಾನು ಕಲಿಸಿದ್ದು ಬೇಡ."

ವಿಚಾರಣೆಯ ಕೋಣೆಯಲ್ಲಿ ಜೊತೆಗೆ ಬಂದವರು ಹಿಂದೆ ಕೂರಬಹುದು, ತುಟಿ ಬಿಚ್ಚುವಂತಿಲ್ಲ. ಕ್ಷೌರಿಕ ತನ್ನ ಭಾಷೆಯಲ್ಲೇ ಶುರುಮಾಡಿದ. ಆದರೆ ದುಭಾಷಿ ಹೆಂಗಸಿನ ಬಾಯಿಂದ ಮೇಷ್ಟ್ರಿಗೆ ಕೇಳಿಸಿದ್ದು ತಾವು ಬರೆದ ವಾಕ್ಯಗಳೇ: ಏಳು, ಎಂಟು, ಒಂಬತ್ತು. ಅಧಿಕಾರಿ ತಲೆ ಎತ್ತದೆ ಟೈಪ್ ಮಾಡುತ್ತಿದ್ದರು. ಪದ್ಯ ಒಪ್ಪಿಸಲು ನಿಂತ ಮಗುವಿಗೆ ಮುಂದಿನ ಸಾಲು ನೆನಪಾಗಲಿ ಎಂದು ಮೂವತ್ತೈದು ವರ್ಷ ಒಳಗೊಳಗೇ ದೇವರನ್ನು ಬೇಡಿದ್ದ ಮೇಷ್ಟ್ರು, ಅಂದು ಮೊದಲ ಸಲ, ಮರೆತುಹೋಗಲಿ ಎಂದು ಬೇಡಿಕೊಂಡರು.

ಅಧಿಕಾರಿಯ ಕೈ ನಿಂತಿತು. ಎಳೆದೊಯ್ಯುವಾಗ ನಿಮ್ಮ ತಮ್ಮ ನಿಮಗೆ ಏನಾದರೂ ಹೇಳಿದನೇ ಎಂದು ಕೇಳಿದರು.

ಕ್ಷೌರಿಕ ಈ ಸಲ ಮೇಷ್ಟ್ರ ಕಡೆ ತಿರುಗಿ ನೋಡಲಿಲ್ಲ. ತಡೆತಡೆದು ಮಾತು ಬಂತು. ಬಂದದ್ದು ನಿಂತಿತು, ಆಡಿದ್ದನ್ನೇ ಮತ್ತೆ ಆಡಿತು, ಎಲ್ಲಿಗೋ ಹಿಂದಕ್ಕೆ ಹೋಗಿ ನಡುವೆಯೇ ಕಡಿದುಬಿತ್ತು. ಮೇಷ್ಟ್ರಿಗೆ ಒಂದು ಪದವೂ ತಿಳಿಯಲಿಲ್ಲ. ಅದಕ್ಕೆ ತಲೆಬುಡವಿರಲಿಲ್ಲ, ತಾಳವಿರಲಿಲ್ಲ; ಅವರ ಕೈಗೆ ಕೊಟ್ಟಿದ್ದರೆ ನೂರು ಕಡೆ ತಿದ್ದುತ್ತಿದ್ದರು. ಈಗ ಮಂಡಿಗಳ ಮೇಲೆ ಎರಡೂ ಕೈ ಊರಿಕೊಂಡು ಕೇಳುತ್ತ ಕೂತರು.

ಅಧಿಕಾರಿ ಕೀಬೋರ್ಡಿನ ಮೇಲೆ ಬೆರಳಿಟ್ಟು ಕಾದರು. ಅಲ್ಲಿಯವರೆಗೆ, ಅವನು ನಿಲ್ಲಿಸಿದ್ದೇ ತಡ, ಪಟಪಟನೆ ಹೇಳಿಬಿಡುತ್ತಿದ್ದ ದುಭಾಷಿ ಸುಮ್ಮನೆ ಕೂತಿದ್ದಳು.

"ಏನು ಹೇಳಿದ್ರು?" ಎಂದರು ಅಧಿಕಾರಿ.

"ಹೇಳ್ತೀನಿ ಸರ್," ಎಂದಳು ಅವಳು. "ಮೊದ್ಲು ಒಂದು ಲೋಟ ನೀರು ಕೊಡಿ."