ಸ್ನೇಹಿತೆಯ ಪ್ರಶ್ನೆ

“ಅಕ್ಕನಿಗೆ ಮೊದಲು ಚುಚ್ಚಿ. ನಾನು ಹಳೇ ಗಿರಾಕಿ, ಕಾಯ್ತೀನಿ,” ಎಂದ ತಮ್ಮ, ಕೈಕಟ್ಟಿ ಕೂತು. ನರ್ಸ್ ನಕ್ಕು ಅಕ್ಕನ ತೋಳಿಗೆ ರಬ್ಬರ್ ಪಟ್ಟಿ ಬಿಗಿದಳು. ಅಕ್ಕ ಕಣ್ಣು ಮುಚ್ಚಿಕೊಂಡಳು. ಕನ್ನಡಕದ ಅಂಗಡಿಯಲ್ಲಿ ದಿನವಿಡೀ ಗಾಜು ಉಜ್ಜುವವಳು, ಬೆರಳು ಕೊಯ್ದುಕೊಂಡರೂ ಬಟ್ಟೆ ಸುತ್ತಿ ಕೆಲಸ ಮುಂದುವರಿಸುವವಳು. ಸೂಜಿ ಕಂಡರೆ ಮಾತ್ರ ಜೀವ ಬಾಯಿಗೆ ಬರುತ್ತದೆ.

ಆಸ್ಪತ್ರೆಯವರ ಈ ಸಂಶೋಧನೆಗೆ ಒಂದೇ ಮನೆಯ ಇಬ್ಬರ ರಕ್ತ ಬೇಕಿತ್ತು, ಸ್ಕಿಜೋಫ್ರೀನಿಯಾ ಎಂಬ ಮಾನಸಿಕ ಕಾಯಿಲೆ ಇರುವವರೊಬ್ಬರು, ಇಲ್ಲದವರೊಬ್ಬರು. ತಮ್ಮನಿಗೆ ಅದು ಹತ್ತೊಂಬತ್ತಕ್ಕೇ ಬಂದಿತ್ತು. ಈಗ ಅವನಿಗೆ ಐವತ್ತರ ಹತ್ತಿರ, ಅಕ್ಕನಿಗೆ ಐವತ್ತು ದಾಟಿದೆ. ಅಕ್ಕನ ಮನೆಯ ಹಿಂದಿನ ಕೋಣೆಯಲ್ಲಿ ಇದ್ದಾನೆ, ಹೊತ್ತಿಗೆ ಸರಿಯಾಗಿ ಮಾತ್ರೆ ನುಂಗುತ್ತಾನೆ, ಬೈಂಡಿಂಗ್ ಅಂಗಡಿಯಲ್ಲಿ ಅರ್ಧ ದಿನ ಪುಸ್ತಕ ಹೊಲಿಯುತ್ತಾನೆ. ಕಿವಿಯೊಳಗಿನ ದನಿಗಳು ಪೂರ್ತಿ ಹೋಗಿಲ್ಲ. ಬಾಡಿಗೆ ಕೊಡದೆ ಝಾಂಡಾ ಊರಿದವರು ಎಂದು ಅವನೇ ಹೇಳುತ್ತಾನೆ.

“ಈ ರಕ್ತದಲ್ಲಿ ಏನು ಹುಡುಕ್ತೀರಿ ಮೇಡಂ?” ಎಂದು ಪಕ್ಕದಲ್ಲಿ ನಿಂತಿದ್ದ ಡಾಕ್ಟರನ್ನು ಕೇಳಿದ.

ಡಾಕ್ಟರಿಗೆ ಮೂವತ್ತು ದಾಟಿರಲಿಕ್ಕಿಲ್ಲ. ಯಾರಾದರೂ ಕೇಳಲಿ ಎಂದೇ ಕಾದಿದ್ದವಳಂತೆ ಕುರ್ಚಿ ಎಳೆದುಕೊಂಡಳು. “ಮೈಕ್ರೋ ಆರ್‌ಎನ್‌ಎ ಅಂತ, ತೀರಾ ಚಿಕ್ಕ ತುಣುಕುಗಳು. ನಮ್ಮ ಜೀನುಗಳು ‘ಇಂಥದ್ದು ತಯಾರು ಮಾಡಿ’ ಅಂತ ಚೀಟಿ ಕಳಿಸ್ತಾ ಇರ್ತವೆ. ಇವು ಆ ಚೀಟಿ ತಡೆದು ‘ಸಾಕು, ಇಷ್ಟೇ ಮಾಡಿ’ ಅಂತವೆ. ಈ ಕಾಯಿಲೆ ಇರೋರಲ್ಲಿ ಆ ತಡೆಯೋ ಕೆಲಸ ಎಲ್ಲೋ ಹೆಚ್ಚುಕಡಿಮೆ ಆಗಿದೆಯೇನೋ ಅಂತ ನಮ್ಮ ಅನುಮಾನ. ಇನ್ನೂ ಖಚಿತ ಇಲ್ಲ.”

“ಹಾಗಾದ್ರೆ ಅಕ್ಕನ ರಕ್ತದಲ್ಲಿ ರಾಶಿ ಸಿಗುತ್ತೆ ನೋಡಿ. ಹುಟ್ಟಿದಾಗಿನಿಂದ ಎಲ್ಲದಕ್ಕೂ ಸಾಕು ಸಾಕು ಅಂತಾನೇ ಇದ್ದಾಳೆ.”

ಎಲ್ಲರೂ ನಕ್ಕರು, ಅಕ್ಕನೂ ನಕ್ಕಳು. ಆ ನಗುವಿನ ಧೈರ್ಯದಲ್ಲೇ ಇರಬೇಕು, ಇಪ್ಪತ್ತೈದು ವರ್ಷ ಗಂಟಲಲ್ಲೇ ಉಳಿದಿದ್ದ ಮಾತು ಹೊರಗೆ ಬಂತು. “ನನ್ನ ಸ್ನೇಹಿತೆಯೊಬ್ಬಳು ಕೇಳ್ತಿದ್ದಳು. ಅವಳ ತಮ್ಮನಿಗೂ ಹೀಗೇ ಇದೆಯಂತೆ. ಅವಳಿಗೆ ಮಗು ಆದ್ರೆ, ಅದಕ್ಕೂ ಬರುತ್ತಾ?”

“ನೂರು ಮಕ್ಕಳಲ್ಲಿ ಮೂರಕ್ಕೋ ನಾಲ್ಕಕ್ಕೋ ಬರಬಹುದು,” ಎಂದಳು ಡಾಕ್ಟರ್. “ಮನೇಲಿ ಯಾರಿಗೂ ಇಲ್ಲದಿದ್ರೂ ನೂರಕ್ಕೆ ಸುಮಾರು ಒಂದು ಅಂತ ಇದ್ದೇ ಇದೆ. ಒಂದೇ ಜೀನಿಂದ ಬರೋ ಕಾಯಿಲೆ ಅಲ್ಲ ಇದು, ನೂರಾರು ಸೇರಬೇಕು, ಆಮೇಲೆ ಬದುಕಿನ ಏಟುಗಳೂ ಸೇರಬೇಕು. ನಿಮ್ಮ ಸ್ನೇಹಿತೆಗೆ ಹೇಳಿ, ಹೆದರಿಕೊಂಡು ಕೂರೋದು ಬೇಡ ಅಂತ. ವಯಸ್ಸೆಷ್ಟು ಅವರಿಗೆ?”

“ಚಿಕ್ಕವಳು,” ಎಂದಳು ಅಕ್ಕ.

ಅರ್ಧಕ್ಕರ್ಧ ಮಕ್ಕಳಿಗೆ ಬರುತ್ತದೆ ಎಂದುಕೊಂಡಿದ್ದಳು ಅವಳು. ಯಾರೂ ಹೇಳಿದ್ದಲ್ಲ. ಮದುವೆಯಾದ ಎರಡನೇ ವರ್ಷ, ತಮ್ಮ ಮೂರನೇ ಸಲ ಆಸ್ಪತ್ರೆ ಸೇರಿದ ದಿನ, ತಾನೇ ಲೆಕ್ಕ ಹಾಕಿ, ಮಕ್ಕಳೇ ಬೇಡ ಎಂದು ತಾನೇ ತೀರ್ಪು ಕೊಟ್ಟುಕೊಂಡಿದ್ದಳು. ಆಗಿನ ಡಾಕ್ಟರನ್ನು ಕೇಳಬಹುದಿತ್ತು. ಕೇಳಿದರೆ ಹೌದು ಅಂದುಬಿಟ್ಟಾರು ಎಂಬ ಭಯಕ್ಕೆ ಕೇಳಲಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು ಅನ್ನುತ್ತಾರಲ್ಲ, ಅದು ಹೀಗೆ ನಗುನಗುತ್ತಾ, ಬಿಳಿ ಕೋಟು ಹಾಕಿಕೊಂಡು ಬರುತ್ತದೆ ಎಂದು ಅವಳಿಗೆ ಗೊತ್ತಿರಲಿಲ್ಲ.

ತಮ್ಮನ ರಕ್ತ ತೆಗೆದದ್ದೂ ಆಯಿತು. ಇಬ್ಬರೂ ತೋಳಿನ ಹತ್ತಿ ಒತ್ತಿ ಹಿಡಿದುಕೊಂಡು ಬಸ್ ನಿಲ್ದಾಣಕ್ಕೆ ಬಂದು ಬೆಂಚಿನ ಮೇಲೆ ಕೂತರು. ಒಂದು ಬಸ್ಸು ಬಂತು, ಅವರದೇ ದಾರಿಯದು. ಇಬ್ಬರೂ ಏಳಲಿಲ್ಲ.

“ನಿನಗೆ ಅಂಥ ಸ್ನೇಹಿತೆ ಯಾರೂ ಇಲ್ಲ, ಅಕ್ಕ.”

ಅಕ್ಕ ರಸ್ತೆ ನೋಡುತ್ತಿದ್ದಳು.

“ಭಾವನಿಗೆ ಗೊತ್ತಾ?”

“ಇಲ್ಲ. ಮಕ್ಕಳ ಗಲಾಟೆ ನನಗಾಗಲ್ಲ ಅಂದಿದ್ದೆ.”

“ನಂಬಿದ್ರಾ?”

“ನಂಬ್ಲಿಲ್ಲ. ಎರಡು ವರ್ಷ ಕೇಳಿದ್ರು. ಆಮೇಲೆ ಸುಮ್ಮನಾದ್ರು.” ಸುಮ್ಮನಾದ ಗಂಡ, ಪಕ್ಕದ ಮನೆಯ ಮಕ್ಕಳ ಸೈಕಲ್ಲಿನ ಚೈನು ಹಾಕಿಕೊಡುತ್ತಾ ಅಂಗಳದಲ್ಲಿ ಹೊತ್ತು ಕಳೆಯುವುದನ್ನು ಅವಳು ಅಡುಗೆಮನೆಯ ಕಿಟಕಿಯಿಂದ ಎಷ್ಟೋ ಸಂಜೆ ನೋಡಿದ್ದಳು. “ನಿನ್ನ ಕಂಡ್ರೆ ಬೇಸರ ಅಂತ ಅಲ್ಲ ಕಣೋ. ನೀನು ಪಟ್ಟಿದ್ದನ್ನ ಕಣ್ಣಾರೆ ನೋಡಿದ್ದೆ. ಇನ್ನೊಂದು ಜೀವಕ್ಕೆ ಅದು ಬೇಡ ಅನ್ನಿಸ್ತು. ಬಂದ್ರೆ ಅದನ್ನ ಅರ್ಥ ಮಾಡ್ಕೊಳ್ಳೋರು ಯಾರು, ನೋಡ್ಕೊಳ್ಳೋರು ಯಾರು ಅಂತ ಹೆದರಿದೆ.”

ತಮ್ಮ ತನ್ನ ತೋಳಿನ ಹತ್ತಿ ತೆಗೆದು ನೋಡಿದ. ರಕ್ತ ನಿಂತಿತ್ತು. ಅವನು ಸಿಟ್ಟಾಗುತ್ತಾನೆ ಎಂದು ಅಕ್ಕ ಕಾದಳು. ಸಿಟ್ಟಾಗಿದ್ದರೆ ಅವಳಿಗೂ ಹಗುರವಾಗುತ್ತಿತ್ತು.

“ನನ್ನನ್ನ ಒಂದು ಮಾತು ಕೇಳ್ಬಹುದಿತ್ತು,” ಎಂದ ಅವನು ಮೆಲ್ಲಗೆ. “ನನ್ನಂಥದ್ದೇ ಹುಟ್ಟಿದ್ರೂ, ಅದರ ತಲೆಯೊಳಗೆ ಏನಾಗ್ತಿದೆ ಅಂತ ನಮ್ಮನೇಲಿ ಒಬ್ಬನಿಗಾದ್ರೂ ಗೊತ್ತಾಗ್ತಿತ್ತಲ್ಲ. ನಾನು ನೋಡ್ಕೋತಿದ್ದೆ, ಅಕ್ಕ.”